ಕಾರಿಗಿಂತ ಮೊದಲು ಬಂದ ಶೆಡ್ಡು

ಕಾರು ಕೊಂಡವರು ಸುಖಿಗಳೆಂದು ಜನ ತಿಳಿದಿದ್ದಾರೆ. ಶುದ್ಧ ತಪ್ಪು. ಕಾರಿಗೆ ಬುಕ್ ಮಾಡಿಸಿ ಕಾಯುತ್ತಿರುವವನೇ ನಿಜವಾದ ಸುಖಿ. ಕೊಂಡವನಿಗೆ ಪೆಟ್ರೋಲಿನ ಚಿಂತೆ, ಪಂಕ್ಚರಿನ ಚಿಂತೆ, ನೆಂಟರು ಮದುವೆ ದಿಬ್ಬಣಕ್ಕೆ ಕೇಳಿಬಿಟ್ಟಾರೆಂಬ ಚಿಂತೆ. ಕಾಯುವವನ ಕಾರು ಕೆಡುವುದಿಲ್ಲ, ಕೆಸರಾಗುವುದಿಲ್ಲ, ಅದನ್ನು ಯಾರೂ ಎರವಲು ಕೇಳುವುದಿಲ್ಲ. ಆದರೆ ಊರಿನಲ್ಲಿ 'ಕಾರಿನ ವಕೀಲರು' ಎಂಬ ಹೆಸರು ಮಾತ್ರ ಬಂದೇಬಿಟ್ಟಿರುತ್ತದೆ. ನನಗೆ ಆ ಹೆಸರು ಬಂದಾಗ ನನ್ನ ಬಳಿ ಇದ್ದದ್ದು ಒಂದು ಸೈಕಲ್ಲು. ಅದಕ್ಕೂ ಬೆಲ್ ಇರಲಿಲ್ಲ.

ಆಗ ಕಾರೆಂದರೆ ನಮ್ಮ ಶಿವಮೊಗ್ಗದ ಗಾಂಧಿ ಬಜಾರಿಗೆ ಹೋಗಿ ಸೀರೆ ತಂದ ಹಾಗೆ ತರುವ ವಸ್ತುವಲ್ಲ. ದೇಶಕ್ಕೆಲ್ಲ ಕಾರು ಮಾಡುವವರೇ ಬೆರಳೆಣಿಕೆಯಷ್ಟು ಮಂದಿ. ಬೆಂಗಳೂರಿನ ಏಜೆನ್ಸಿಯಲ್ಲಿ ಹೆಸರು ಬರೆಸಿ, ಸರದಿ ಬರುವವರೆಗೆ ವರ್ಷಗಟ್ಟಲೆ ಕಾಯಬೇಕು. ನಾನು ಹೆಸರು ಬರೆಸಿ ಶಿವಮೊಗ್ಗಕ್ಕೆ ಬಂದು ಇಳಿದದ್ದೇ ತಡ, ನಮ್ಮಮ್ಮ ಶುರುಮಾಡಿದರು. ಹಸು ತರುವ ಮೊದಲು ಕೊಟ್ಟಿಗೆ ಕಟ್ಟಬೇಕು, ಕಾರು ತರುವ ಮೊದಲು ಕಾರಿನ ಮನೆ ಕಟ್ಟಬೇಡವೇ? ಲಕ್ಷಣವಾದ ಮಾತು ಎನಿಸಿತು. ವಿದ್ಯಾನಗರದ ನಮ್ಮ ಮನೆಯ ಗೋಡೆಗೂ ಪಕ್ಕದವರ ಕಾಂಪೌಂಡಿಗೂ ನಡುವೆ ಒಂದು ಓಣಿಯಷ್ಟು ಜಾಗವಿತ್ತು. ಅದನ್ನು ಬಿಟ್ಟರೆ ಬೇರೆ ಜಾಗವಿಲ್ಲ. ನನ್ನ ಗೆಳೆಯ, ಮೆಕ್ಯಾನಿಕ್ ಬಷೀರ್ ಸಾಬರನ್ನು ಕರೆದೆ. ಅವರು ಟೇಪು ಹಿಡಿದುಕೊಂಡು ಹೋಗಿ, ಊರಿನಲ್ಲಿ ಅದೇ ಕಂಪನಿಯ ಕಾರು ಇಟ್ಟುಕೊಂಡಿದ್ದ ನಮ್ಮ ಡಾಕ್ಟರ ಕಾರನ್ನು ಮೂಗಿನಿಂದ ಬಾಲದವರೆಗೆ ಅಳೆದುಕೊಂಡು ಬಂದರು. ಬಾಗಿಲು ತೆಗೆದು ಒಬ್ಬ ಮನುಷ್ಯ ಇಳಿಯಲು ಎಷ್ಟು ಬೇಕೋ ಅಷ್ಟು ಜಾಗ ಸಿಗುತ್ತದೆ, ಅದರ ಮೇಲೆ ಒಂದು ಇಂಚೂ ಇಲ್ಲ ಎಂದರು. ಮಂಗಳೂರು ಹೆಂಚು ಹೊದಿಸಿದ ಶೆಡ್ಡು ಎದ್ದು ನಿಂತಿತು.

ಶೆಡ್ಡಿಗೆ ಪೂಜೆಯಾಗದೆ ಬೀಗ ಹಾಕುವುದು ಹೇಗೆ? ಕೋಟೆ ಆಂಜನೇಯನ ಗುಡಿಯಿಂದ ಪುರೋಹಿತರು ಬಂದರು. ಸಂಕಲ್ಪ ಮಾಡುವಾಗ ಯಾವ ವಾಹನಕ್ಕೆ ಎಂದು ಕೇಳಿದರು. ಬರಲಿರುವ ವಾಹನಕ್ಕೆ ಎಂದು ಅಮ್ಮ ಹೇಳಿದರು. ಪುರೋಹಿತರು ಒಂದು ಕ್ಷಣ ನನ್ನ ಮುಖ ನೋಡಿ ಮಂತ್ರ ಮುಂದುವರಿಸಿದರು. ಕೊನೆಗೆ ಚಕ್ರದ ಕೆಳಗೆ ನಿಂಬೆಹಣ್ಣು ಇಡುವ ಹೊತ್ತು ಬಂತು. ನಿಂಬೆಹಣ್ಣಿದೆ, ಚಕ್ರವಿಲ್ಲ. ಮುಹೂರ್ತ ಮೀರುತ್ತಿತ್ತು. ಅಮ್ಮ ಕಣ್ಣು ಬಿಟ್ಟ ರಭಸಕ್ಕೆ ನಾನು ಸೈಕಲ್ಲು ತಂದು, ಪಂಚೆ ಮೇಲಕ್ಕೆ ಕಟ್ಟಿ, ಬೀದಿಯವರೆಲ್ಲ ನೋಡುತ್ತಿರುವಂತೆ ನಿಂಬೆಹಣ್ಣಿನ ಮೇಲೆ ಹತ್ತಿಸಿದೆ. ಬಂದವರು ಹೋಳಿಗೆ ತಿಂದು, ಶೆಡ್ಡು ಬಹಳ ಚೆನ್ನಾಗಿದೆ ಎಂದು ಹೇಳಿ ಹೋದರು.

ಅಲ್ಲಿಂದ ನನ್ನ ವಿದ್ಯಾಭ್ಯಾಸ ಶುರುವಾಯಿತು. ಎಲ್ಲೋ ಸಾವಿರ ಮೈಲಿ ಆಚೆಯ ಒಂದು ದೊಡ್ಡ ಕಾರ್ಖಾನೆಯ ಕಷ್ಟಸುಖ ನನ್ನಷ್ಟು ತಿಳಿದವರು ಇಡೀ ಜಿಲ್ಲೆಯಲ್ಲಿ ಇರಲಿಲ್ಲ. ಬೆಳಗಾದರೆ ಪತ್ರಿಕೆ ಬಿಚ್ಚಿ ಕೂರುತ್ತಿದ್ದೆ. ಸರ್ಕಾರ ವಿದೇಶಿ ಹಣದ ಬಳಕೆ ಬಿಗಿಮಾಡಿತು ಎಂದರೆ ನನ್ನ ಎದೆ ಧಸಕ್ಕೆನ್ನುತ್ತಿತ್ತು, ಯಾಕೆಂದರೆ ನನ್ನ ಕಾರಿನ ಗೇರ್‌ಬಾಕ್ಸಿನ ಸಾಮಾನು ಹಡಗಿನಲ್ಲಿ ಬರಬೇಕು. ಉಕ್ಕಿನ ಹಂಚಿಕೆ ಹೆಚ್ಚಿಸಿದರು ಎಂದರೆ ಎರಡು ದೋಸೆ ಹೆಚ್ಚು ತಿನ್ನುತ್ತಿದ್ದೆ. ಕಲ್ಲಿದ್ದಲಿಗೆ ವ್ಯಾಗನ್ ಇಲ್ಲ, ಟೈರಿಗೆ ರಬ್ಬರ್ ಇಲ್ಲ, ಬೆಲೆ ಏರಿಸಲು ಸರ್ಕಾರದ ಅಪ್ಪಣೆ ಇಲ್ಲ, ಎಲ್ಲ ಇದ್ದಾಗ ಕೆಲಸಗಾರರ ಮುಷ್ಕರ. ಕೋರ್ಟಿನ ಬಾರ್ ರೂಮಿನಲ್ಲಿ ಯಾರಾದರೂ ಆ ಕಂಪನಿಯವರನ್ನು ಸೋಮಾರಿಗಳು ಎಂದುಬಿಟ್ಟರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಮೇಜು ಕುಟ್ಟಿ ಭಾಷಣ ಮಾಡುತ್ತಿದ್ದೆ. ದೊಡ್ಡ ತಯಾರಕರನ್ನು ದೂರುವ ಮೊದಲು ಅವರ ಸುತ್ತಮುತ್ತಲ ಪರಿಸ್ಥಿತಿ ನೋಡಬೇಕು ಸ್ವಾಮಿ, ಎಂದು. ಒಮ್ಮೆಯಂತೂ, ಕಂಪನಿಯವರು ಹಳೆಯ ಮಾದರಿ ನಿಲ್ಲಿಸಿ ವಿದೇಶದವರಿಂದ ಹೊಸ ಮಾದರಿ ತರುತ್ತಾರೆ, ಅದರ ಮೈ ಅಗಲ, ಹಿಂದಿನ ಸೀಟಿನಲ್ಲಿ ಮೂವರು ಆರಾಮವಾಗಿ ಕೂರಬಹುದು ಎಂಬ ಸುದ್ದಿ ಬಂದಾಗ ಇಡೀ ಬಾರ್ ರೂಮಿಗೆ ನಾನೇ ಕಾಫಿ ಕುಡಿಸಿದೆ.

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ನನ್ನ ಹೆಂಡತಿಯ ತಮ್ಮ ನಾಗರಾಜ ಕೆಲಸದಲ್ಲಿದ್ದ. ಉಕ್ಕಿನ ಅಭಾವದ ಸುದ್ದಿ ಬಂದಾಗಲೆಲ್ಲ ನಾನು ರೈಲು ಹತ್ತಿ ಅವನ ಕ್ವಾರ್ಟರ್ಸಿಗೆ ಹೋಗಿ ವಿಚಾರಿಸುತ್ತಿದ್ದೆ. ಭಾವ, ನಮ್ಮಲ್ಲಿ ಆಗೋದು ಕಂಬಿ, ಪೈಪು, ಕಾರಿನ ತಗಡು ಬೇರೆ ಕಡೆಯದು ಎಂದು ಪಾಪ ಅವನು ಎಷ್ಟು ಸಲ ಹೇಳಿದನೋ. ನನಗೆ ಸಮಾಧಾನವಿಲ್ಲ. ಅವನು ಹಬ್ಬಕ್ಕೆ ರಜ ಹಾಕಿ ನಮ್ಮ ಮನೆಗೆ ಬಂದರೂ, ನೀನಿಲ್ಲಿ ಒಬ್ಬಟ್ಟು ತಿನ್ನುತ್ತಾ ಕೂತರೆ ಅಲ್ಲಿ ಕುಲುಮೆಯ ಗತಿ ಏನಪ್ಪ ಎಂದು ಕೇಳುತ್ತಿದ್ದೆ. ಕೊನೆಕೊನೆಗೆ ಅವನು ಹಬ್ಬಕ್ಕೆ ಬರುವುದನ್ನೇ ಬಿಟ್ಟ.

ಇಷ್ಟರಲ್ಲಿ ಶೆಡ್ಡಿನ ಒಳಗೆ ಒಂದು ಬೇರೆಯೇ ಕಥೆ ನಡೆದಿತ್ತು. ಖಾಲಿ ಬಿದ್ದ ಶೆಡ್ಡಿನಲ್ಲಿ ಬೆಳಕು ಚೆನ್ನಾಗಿದೆ ಎಂದು ನನ್ನ ಹೆಂಡತಿ ಸರೋಜ ತನ್ನ ಹೊಲಿಗೆ ಮೆಷಿನ್ನನ್ನು ಅಲ್ಲಿಟ್ಟುಕೊಂಡಳು. ಪಕ್ಕದ ಮನೆಯ ಹುಡುಗಿ ನೋಡಲು ಬಂದಳು, ಅವಳ ಗೆಳತಿ ಕಲಿಯಲು ಬಂದಳು. ಬಷೀರ್ ಸಾಬರ ಮಗಳು ಜುಬೇದಾ ತನ್ನ ಮೆಷಿನ್ನನ್ನೇ ಜಟಕಾದಲ್ಲಿ ಹೇರಿಕೊಂಡು ಬಂದಳು. ನೋಡನೋಡುತ್ತ ಶೆಡ್ಡಿನ ಬಾಗಿಲಿಗೆ 'ಹೊಲಿಗೆ ತರಗತಿ' ಎಂಬ ಹಲಗೆ ಬಂತು. ಮದುವೆಯಾದಾಗಿನಿಂದ ಅಡುಗೆಮನೆಯಲ್ಲಿ ಮೆತ್ತಗೆ ಮಾತಾಡುತ್ತಿದ್ದ ಸರೋಜ ಅಲ್ಲಿ ಹುಡುಗಿಯರಿಗೆ ತೋಳು ಕತ್ತರಿಸುವುದು ಹೇಗೆಂದು ಹೇಳಿಕೊಡುವ ದನಿ ಕೇಳಿದರೆ ನನಗೇ ಗುರುತು ಸಿಗುತ್ತಿರಲಿಲ್ಲ. ಹತ್ತಿರದ ಶಾಲೆಯವರು ಯೂನಿಫಾರಂ ಹೊಲಿಸಲು ಕೊಟ್ಟರು. ಅವಳು ನಡೆಯುವ ರೀತಿಯೇ ಬದಲಾಯಿತು. ಕಾರು ಬಂದ ದಿನ ಶೆಡ್ಡು ಖಾಲಿ ಮಾಡಬೇಕು, ಗೊತ್ತಿದೆ ತಾನೇ, ಎಂದು ನಾನು ಆಗಾಗ ಜ್ಞಾಪಿಸುತ್ತಿದ್ದೆ. ಗೊತ್ತಿದೆ ರೀ ಎನ್ನುತ್ತಿದ್ದಳು. ಆದರೆ ಪತ್ರಿಕೆಯನ್ನು ಮೊದಲು ಓದುವವಳು ಅವಳಾದಳು.

ಹೀಗೆ ಒಂದೇ ಪತ್ರಿಕೆಯನ್ನು ಒಂದೇ ಸೂರಿನಡಿ ಇಬ್ಬರು ತದ್ವಿರುದ್ಧವಾಗಿ ಓದತೊಡಗಿದೆವು. ಹಡಗಿನ ಸಾಮಾನು ಬಂದರಿನಲ್ಲಿ ಕೊಳೆಯುತ್ತಿದೆ ಎಂದರೆ ನನಗೆ ಊಟ ಸೇರದು, ಅವಳು ಪಾಯಸ ಮಾಡುವಳು. ಆಮದಿಗೆ ಲೈಸೆನ್ಸು ಸಿಕ್ಕಿತು ಎಂದರೆ ನಾನು ಹಾಡುವೆ, ಅವಳು ಮಾಡಿದ ಸಾರಿಗೆ ಉಪ್ಪು ಬೀಳದು. ಮುಷ್ಕರದ ಕಾಲದಲ್ಲಂತೂ ವಿಷಯ ದೇವರ ತನಕ ಹೋಯಿತು. ಮುಷ್ಕರ ನಿಂತರೆ ವಡೆಹಾರ ಹಾಕಿಸುತ್ತೇನೆಂದು ಅಮ್ಮ ಕೋಟೆ ಆಂಜನೇಯನಿಗೆ ಹರಕೆ ಹೊತ್ತರು. ಸರೋಜಳೂ ಅಲ್ಲೇ ಹರಕೆ ಹೊತ್ತಿದ್ದಳು, ಅದಕ್ಕೆ ವಿರುದ್ಧವಾದದ್ದು. ಅದನ್ನು ಅವಳು ನನ್ನಿಂದ ಮುಚ್ಚಿಡಲೂ ಇಲ್ಲ.

"ಕೆಲಸಗಾರರ ಪರವಾಗಿ ಬೇಡ್ಕೊಂಡೆ ರೀ. ಅವರು ಕೇಳಿದ್ದು ಅವರಿಗೆ ಸಿಗೋವರೆಗೂ ಬಿಡಬಾರದು. ನ್ಯಾಯ ಅಲ್ವಾ?"

ಆಂಜನೇಯ ಇಬ್ಬರನ್ನೂ ಕೈಬಿಡಲಿಲ್ಲ. ಮುಷ್ಕರ ನಿಂತಿತು, ಅಮ್ಮ ವಡೆಹಾರ ಹಾಕಿಸಿದರು. ಕೆಲಸ ಶುರುವಾಗಬೇಕು ಎನ್ನುವಷ್ಟರಲ್ಲಿ ತಗಡಿನ ಅಭಾವ ಬಂತು, ಸರೋಜ ವಡೆಹಾರ ಹಾಕಿಸಿದಳು. ಪ್ರಸಾದದ ವಡೆಯನ್ನು ಎರಡು ಸಲವೂ ನಾನೇ ಹೆಚ್ಚು ತಿಂದೆ.

ಆಮೇಲೆ ಯುದ್ಧ ಬಂತು. ಗಡಿಗೆ ಲಾರಿ, ಜೀಪುಗಳು ಮೊದಲು, ನಮ್ಮಂಥವರ ಕಾರು ಆಮೇಲೆ. ಆಗ ಮಾತ್ರ ಮನೆಯಲ್ಲಿ ಕಾರಿನ ಮಾತು ಯಾರೂ ಎತ್ತಲಿಲ್ಲ. ಶೆಡ್ಡಿನಲ್ಲಿ ಮೆಷಿನ್ನುಗಳ ಸದ್ದು ನಿಂತು ಹುಡುಗಿಯರೆಲ್ಲ ಸೈನಿಕರಿಗೆ ಸ್ವೆಟರ್ ಹೆಣೆಯುತ್ತ ಕೂತರು. ಅಮ್ಮನೂ ಕಡ್ಡಿ ಹಿಡಿದು ಒಂದು ಸ್ವೆಟರ್ ಹೆಣೆದರು, ಅದರ ಒಂದು ತೋಳು ಇನ್ನೊಂದಕ್ಕಿಂತ ಮೊಳ ಉದ್ದವಾಯಿತು. ಆ ಚಳಿಗಾಲದಲ್ಲಿ ಶೆಡ್ಡಿನ ಮುಂದೆ ಹಾದುಹೋಗುವಾಗ ನನಗೆ ನನ್ನ ಹೆಂಡತಿಯ ಬಗ್ಗೆ ಬಹಳ ಹೆಮ್ಮೆಯಾಗುತ್ತಿತ್ತು. ಹೇಳಬೇಕಿತ್ತು, ಹೇಳಲಿಲ್ಲ.

ಕೊನೆಗೂ ಒಂದು ದಿನ ಏಜೆನ್ಸಿಯವರ ತಂತಿ ಬಂತು. ಕಾರು ಬಂದಿದೆ, ಬಂದು ತೆಗೆದುಕೊಂಡು ಹೋಗಿ. ನಾನು ಕೋರ್ಟಿನಿಂದ ಸೈಕಲ್ಲಿನಲ್ಲಿ ಹೇಗೆ ಬಂದೆನೋ ದೇವರೇ ಬಲ್ಲ. ಕಕ್ಷಿಗಾರನೊಬ್ಬ ಹಿಂದೆ ಓಡಿ ಬರುತ್ತಿದ್ದನಂತೆ, ಅವನ ಕೇಸು ಆಗಷ್ಟೇ ಕೂಗಿದ್ದರಂತೆ. ಬೀದಿಯ ತುದಿಯಿಂದಲೇ ಕಾರು ಬಂತು ಕಾರು ಬಂತು ಎಂದು ಕೂಗಿಕೊಂಡು ಬಂದೆ. ಜನ ಹೊರಗೆ ಬಂದು ಸೈಕಲ್ಲನ್ನು ನೋಡಿ ಒಳಗೆ ಹೋದರು. ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದರು. ಸರೋಜ ಶೆಡ್ಡಿಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಹುಡುಗಿಯರು ಒಬ್ಬೊಬ್ಬರಾಗಿ ತಲೆ ತಗ್ಗಿಸಿಕೊಂಡು ಹೊರಗೆ ಬಂದರು. ಜುಬೇದಾ ಮಾತ್ರ ಬಾಗಿಲಲ್ಲಿ ನಿಂತು ಹಲಗೆಯನ್ನೇ ನೋಡುತ್ತಿದ್ದಳು.

"ಹುಡುಗೀರಿಗೆ ನಾಳಿಂದ ಬರಬೇಡಿ ಅಂತ ಹೇಳಿದೀನಿ," ಎಂದಳು ಸರೋಜ. "ನೀವು ಕಾರು ತನ್ನಿ. ನಾನು ಗುಡಿಸಿ ಇಟ್ಟಿರ್ತೀನಿ."

ಜಗಳವಾಡಿದ್ದರೆ ಎಷ್ಟೋ ವಾಸಿಯಾಗಿತ್ತು. ನಾನು ನಿಂತು ಏನೋ ಹೇಳಲು ಹೋದೆ, ಬಾಯಿಗೆ ಬಂದದ್ದು ರೈಲಿನ ವೇಳೆ.

ಬಷೀರ್ ಸಾಬರನ್ನು ಕರೆದುಕೊಂಡು ಹೋದೆ, ನನಗೆ ಕಾರು ನಡೆಸಲು ಬರುತ್ತಿರಲಿಲ್ಲವಲ್ಲ. ಆ ಕಾರು! ಬೆಣ್ಣೆಯ ಬಣ್ಣ, ದುಂಡು ಮೈ, ಒಳಗೆ ಹೊಸ ಚರ್ಮದ ವಾಸನೆ. ದಾರಿಯುದ್ದಕ್ಕೂ ನಾನು ಕಿಟಕಿಯಿಂದ ತಲೆ ಹೊರಗಿಟ್ಟುಕೊಂಡೇ ಬಂದೆ. ಎಮ್ಮೆ ಅಡ್ಡ ಬಂದರೂ ಸಂತೋಷ, ರೈಲ್ವೆ ಗೇಟು ಹಾಕಿದ್ದರೂ ಸಂತೋಷ, ಅಷ್ಟು ಹೊತ್ತು ಜನ ನೋಡುತ್ತಾರಲ್ಲ. ಭದ್ರಾವತಿಯಲ್ಲಿ ನಾಗರಾಜನ ಕ್ವಾರ್ಟರ್ಸಿನ ಮುಂದೆ ನಿಲ್ಲಿಸಿ, ಇಷ್ಟು ವರ್ಷ ಅವನಿಗೆ ಕೊಟ್ಟ ಕಾಟಕ್ಕೆಲ್ಲ ಸೇರಿ ಅವನನ್ನು ಹತ್ತಿಸಿ ಒಂದು ಸುತ್ತು ಹೊಡೆಸಿದೆ. ಅಕ್ಕಪಕ್ಕದ ಮನೆಗಳಿಂದ ತಮಿಳಿನವರು, ತೆಲುಗಿನವರು, ಎಲ್ಲರೂ ಬಂದು ಬಾನೆಟ್ಟು ಸವರಿದರು. ಒಳ್ಳೆ ತಗಡು ಭಾವ, ಎಂದ ನಾಗರಾಜ ಗಂಭೀರವಾಗಿ. ಬಷೀರ್ ಸಾಬರು ಮಾತ್ರ ಯಾಕೋ ಇಳಿಯದೆ ಸ್ಟೀರಿಂಗ್ ಹಿಡಿದು ಕೂತಿದ್ದರು. ತರಗತಿ ನಿಂತ ರಾತ್ರಿ ಮಗಳು ಊಟ ಬಿಟ್ಟಿದ್ದಳೆಂದು ಶಿವಮೊಗ್ಗ ಹತ್ತಿರ ಬಂದಾಗ ಹೇಳಿದರು.

ವಿದ್ಯಾನಗರದಲ್ಲಿ ಇಡೀ ಬೀದಿ ನೆರೆದಿತ್ತು. ಅಮ್ಮ ಆರತಿ ಎತ್ತಿದರು. ಈ ಸಲ ನಿಂಬೆಹಣ್ಣಿಗೂ ಚಕ್ರವಿತ್ತು. ಶೆಡ್ಡಿನ ಬಾಗಿಲು ಹಾರುಹೊಡೆದಿತ್ತು, ಒಳಗೆ ಗುಡಿಸಿ ರಂಗೋಲಿ ಹಾಕಿತ್ತು, ಮೆಷಿನ್ನುಗಳು ಜಗುಲಿಯ ಮೂಲೆಯಲ್ಲಿ ಸೀರೆ ಹೊದ್ದು ಕೂತಿದ್ದವು. ಬಷೀರ್ ಸಾಬರು ಕಾರನ್ನು ಮೆಲ್ಲಗೆ ಒಳಗೆ ತಂದರು. ಹೋಯಿತು, ಪೂರ್ತಿ ಹೋಯಿತು. ಜನ ಚಪ್ಪಾಳೆ ತಟ್ಟಿದರು. ನಾನು ಗತ್ತಿನಿಂದ ಪೇಟ ಸರಿಮಾಡಿಕೊಂಡು ಬಾಗಿಲು ತೆಗೆದೆ. ಬಾಗಿಲು ಒಂದು ಗೇಣು ತೆರೆದು ಗೋಡೆಗೆ ತಗುಲಿ ನಿಂತಿತು. ಆ ಕಡೆ ಬಷೀರ್ ಸಾಬರ ಬಾಗಿಲೂ ಅಷ್ಟೇ. ಗೇಣಿನ ಸಂದಿನಿಂದ ಹೊರಬರಲು ನನ್ನ ಹೊಟ್ಟೆ ಒಪ್ಪಲಿಲ್ಲ. ಇಳಿಯೋ, ಆರತಿ ತಟ್ಟೆ ಹಿಡಿದು ಎಷ್ಟು ಹೊತ್ತು ನಿಂತ್ಕೊಳ್ಳಲಿ ಎಂದು ಅಮ್ಮ ಹಿಂದಿನಿಂದ ಕೇಳುತ್ತಿದ್ದರು.

"ವಕೀಲ್ರೇ, ನನ್ನ ಟೇಪಿಂದು ತಪ್ಪಿಲ್ಲ," ಎಂದರು ಬಷೀರ್ ಸಾಬರು ಮುಂದೆ ನೋಡುತ್ತಲೇ. "ನಾನು ಅಳೆದಿದ್ದು ಡಾಕ್ಟರ ಕಾರು. ಇದರ ಮೈ ಅಗಲ. ಮಾದರಿ ಬದಲಾಯ್ತಲ್ಲ, ನಿಮಗೆ ಗೊತ್ತಿರಲಿಲ್ವಾ?"

ಗೊತ್ತಿರಲಿಲ್ಲವೇ? ಅದಕ್ಕಾಗಿ ಇಡೀ ಬಾರ್ ರೂಮಿಗೆ ಕಾಫಿ ಕುಡಿಸಿದವನು ನಾನು! ಸಾವಿರ ಮೈಲಿ ಆಚೆಯ ಕಾರ್ಖಾನೆಯಲ್ಲಿ ಕಾರು ಎಷ್ಟು ಅಗಲವಾಯಿತೆಂದು ಊರಿಗೆಲ್ಲ ಸಾರಿದ್ದೆ, ಮನೆಯ ಪಕ್ಕದ ಗೋಡೆ ಮಾತ್ರ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಕಾರು ಹಿಂದಕ್ಕೆ ಹೋಯಿತು, ನಾವಿಬ್ಬರೂ ಅದರ ಜೊತೆಗೇ ಹೋದೆವು. ಬೀದಿಯ ಹೊಂಗೆ ಮರದ ಕೆಳಗೆ ನಿಲ್ಲಿಸಿ ಇಳಿದಾಗ ಸರೋಜ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ಅಳುತ್ತಿದ್ದಾಳೆಂದು ಹಿಂದೆಯೇ ಹೋದೆ. ಅಳುತ್ತಿರಲಿಲ್ಲ. ಅವಳು ಅಷ್ಟು ನಕ್ಕದ್ದನ್ನು ನಾನು ಮದುವೆಯಾದ ಮೇಲೆ ಕಂಡಿರಲಿಲ್ಲ, ನೋಡುತ್ತ ನೋಡುತ್ತ ನನಗೂ ತಡೆಯಲಾಗಲಿಲ್ಲ. ಮರುದಿನ ಬೆಳಿಗ್ಗೆ ಒಂದು ಮೆಷಿನ್ನನ್ನು ಶೆಡ್ಡಿಗೆ ಹೊತ್ತವನು ನಾನೇ.

ಕಾರಿನ ಮೇಲೆ ಹೊಂಗೆ ಹೂವು ಉದುರಿತು, ಕಾಗೆಗಳು ತಮ್ಮ ಕೆಲಸ ಮಾಡಿದವು. ಅದಕ್ಕೆ ಕ್ಯಾನ್ವಾಸಿನ ಒಂದು ಹೊದಿಕೆ ಹೊಲಿದುಕೊಡು ಎಂದು ಸರೋಜಳನ್ನು ಕೇಳಿದೆ. ಆಗಲಿ ಎಂದಳು. ಅಳತೆಯನ್ನು ಈ ಸಲ ಜುಬೇದಾ ತೆಗೆದುಕೊಂಡಳು. ಅಷ್ಟರಲ್ಲಿ ಈ ಸುದ್ದಿ ಡಾಕ್ಟರಿಗೆ ತಿಳಿದು ಅವರೂ ಕೇಳಿದರು, ಅಡಿಕೆ ಮಂಡಿಯವರು ಲಾರಿಗೂ ಬೇಕೆಂದರು. ತಿಂಗಳುಗಳು ಕಳೆದವು. ಹೊದಿಕೆ ಎಲ್ಲಿ ಎಂದರೆ, ಗಾಂಧಿ ಬಜಾರಿನ ಅಂಗಡಿಗೆ ಕ್ಯಾನ್ವಾಸ್ ಬಂದಿಲ್ಲ. ಕ್ಯಾನ್ವಾಸ್ ಬಂದಾಗ ದಪ್ಪ ಸೂಜಿ ಇಲ್ಲ, ಅದು ಹೊರದೇಶದಿಂದ ಬರಬೇಕು. ಸೂಜಿ ಬಂದಾಗ ಹುಡುಗಿಯರಿಗೆ ದಸರಾ ರಜ. ರಜ ಮುಗಿದಾಗ ಶಾಲೆಯ ಯೂನಿಫಾರಂ ಮೊದಲು. ಒಂದು ದಿನ ನನಗೆ ರೇಗಿಯೇ ಹೋಯಿತು. ಏನೇ ಇದು, ಇಷ್ಟು ಸೋಮಾರಿತನ ಎಂದೆ. ಸರೋಜ ಮೆಷಿನ್ ನಿಲ್ಲಿಸಿ, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದಳು.

"ದೊಡ್ಡ ತಯಾರಕರನ್ನ ದೂರೋ ಮೊದಲು ಸುತ್ತಮುತ್ತಲ ಪರಿಸ್ಥಿತಿ ನೋಡಬೇಕು ರೀ. ನಿಮ್ಮ ಹೆಸರು ಬರ್ಕೊಂಡಿದೀನಿ. ಸರದಿ ಬರಲಿ."

ಹುಡುಗಿಯರೆಲ್ಲ ತಲೆ ತಗ್ಗಿಸಿ ಹೊಲಿಯತೊಡಗಿದರು. ಈಗ ನಾನು ಪತ್ರಿಕೆಯಲ್ಲಿ ಉಕ್ಕಿನ ಸುದ್ದಿ ಓದುವುದಿಲ್ಲ, ಹತ್ತಿಯ ಸುದ್ದಿ ಓದುತ್ತೇನೆ. ಹೊಂಗೆ ಮರದ ಕೆಳಗೆ ಕಾರು ಅಮ್ಮನ ಹಳೆಯ ಜಮಖಾನ ಹೊದ್ದು ನಿಂತಿದೆ. ಅದು ಬಾನೆಟ್ಟಿನವರೆಗೆ ಸಾಲದೆ ಮುಂದಕ್ಕೆ ನನ್ನ ವಕೀಲಿ ಗೌನು ಹಾಕಿದ್ದೇನೆ. ಹೊದಿಕೆ ಬೇಗ ಸಿಗಲೆಂದು ನಿನ್ನೆ ಕೋಟೆ ಆಂಜನೇಯನಿಗೆ ಒಂದು ವಡೆಹಾರದ ಹರಕೆ ಹೊತ್ತು ಬಂದೆ. ಅರ್ಚಕರು ನನ್ನನ್ನು ನೋಡಿ, ಈ ಸಲ ನಿಮ್ಮ ಮನೆಯಿಂದ ಇನ್ನೊಂದು ಹರಕೆ ಯಾವಾಗ ಬರುತ್ತದೆ ಎಂದು ಕೇಳಿದರು.