ಕಡಲಗಳ್ಳರೂ ಶಿರೂರಿನ ಕಡ್ಲಿಯೂ

ಬಾಗಲಕೋಟೆಯ ವಿದ್ಯಾಗಿರಿಯಲ್ಲಿರುವ ನಮ್ಮ ಮನೆಯಲ್ಲಿ ಸಂಜೆಯಾದರೆ ಒಂದು ಕೋಣೆಯ ಬಾಗಿಲು ಮುಚ್ಚಿರುತ್ತಿತ್ತು. ಒಳಗೆ ನಾನಿರುತ್ತಿದ್ದೆ. ಅದೇ ಹೊತ್ತಿಗೆ ಶಿರೂರಿನಿಂದ ನನ್ನ ಮಾವನವರ ಫೋನ್ ಬರುತ್ತಿತ್ತು. "ಅಳ್ಯಾರು ಏನ ಮಾಡಾಕತ್ತಾರ?" ಎಂದು ಅವರು ಕೇಳುತ್ತಿದ್ದರು. "ಓದಾಕ ಕುಂತಾರ, ಅಪ್ಪಾ" ಎಂದು ನನ್ನ ಹೆಂಡತಿ ಶಶಿಕಲಾ ಹೇಳುತ್ತಿದ್ದಳು. ಮದುವೆಯಾದಾಗಿನಿಂದ ಆಕೆ ನನಗಾಗಿ ಹೇಳಿಕೊಂಡು ಬಂದ ಒಂದೇ ಸುಳ್ಳು ಅದು.

ಕಾಲೇಜಿನಲ್ಲಿ ಕನ್ನಡ ಕಲಿಸುವ ನಾನು ಆ ಕೋಣೆಯಲ್ಲಿ ವಿಡಿಯೋ ಗೇಮ್ ಆಡುತ್ತಿದ್ದೆ. ಇದು ಮಾವನವರಿಗೆ ಗೊತ್ತಿರಲಿಲ್ಲ. ನಾನು ಶಿರೂರಿಗೆ ಹೋದರೆ ಅವರು ಜಮಖಾನೆ ಹಾಸಿಸಿ, ಬಂದವರಿಗೆಲ್ಲ "ನಮ್ಮ ಅಳ್ಯಾರು ಭಾಳ ಓದ್ತಾರ. ಹೊಲಾ ಮನಿ ಅನ್ನೂದರ ಕಡೆ ಅವ್ರ ಲಕ್ಷ್ಯನ ಇಲ್ಲ" ಎನ್ನುತ್ತಿದ್ದರು. ಅವರ ಹೊಲ ಯಾವ ದಿಕ್ಕಿಗಿದೆ ಎಂಬುದು ನನಗೆ ತಿಳಿಯದಿದ್ದದ್ದನ್ನೂ ಅವರು ವಿದ್ವತ್ತಿನ ಲಕ್ಷಣವೆಂದೇ ಭಾವಿಸಿದ್ದರು. ಈ ಮರ್ಯಾದೆಯನ್ನು ಉಳಿಸಿಕೊಳ್ಳುವುದೇ ನನ್ನ ಬಾಳಿನ ಮುಖ್ಯ ಉದ್ಯೋಗವಾಗಿತ್ತು.

ಆ ಆಟದ ಇಂಗ್ಲಿಷ್ ಹೆಸರು ಉದ್ದವಿದೆ. ನಾವು ಬಳಗದವರು ಅದನ್ನು ನಮ್ಮ ಕಡೆಯ ಮಾತಿನಲ್ಲಿ 'ಕ್ವಾಟಿ', ಅಂದರೆ ಕೋಟೆ, ಎಂದೇ ಕರೆಯುತ್ತೇವೆ. ಒಬ್ಬ ಸೈನಿಕ ಕೋಟೆಯ ಗೋಡೆ ಹತ್ತಬೇಕು, ಕಾವಲುಗಾರರ ಕಣ್ಣು ತಪ್ಪಿಸಿ ಬೀಗದ ಕೈ ಹಾರಿಸಬೇಕು, ಒಳಗಿನಿಂದ ಬಾಗಿಲು ತೆಗೆಯಬೇಕು. ಇದರ ಏಳು ಭಾಗಗಳು ಬಂದಿವೆ. ಬಾಗಲಕೋಟೆಯಿಂದ ಇಳಕಲ್ಲಿನವರೆಗಿನ ಅಭಿಮಾನಿಗಳು ಸೇರಿ ಫೋನಿನಲ್ಲಿ ಒಂದು ಗುಂಪು ಕಟ್ಟಿಕೊಂಡಿದ್ದೆವು. ನಾನೇ ಅಧ್ಯಕ್ಷ. ಗುಂಪಿನಲ್ಲಿ ಅಚ್ಚಗನ್ನಡವನ್ನೇ ಬಳಸಬೇಕೆಂದು ಕಟ್ಟಪ್ಪಣೆ ಮಾಡಿದ್ದೆ. ಗುಂಪಿಗಿದ್ದ ಇಂಗ್ಲಿಷ್ ಹೆಸರನ್ನು ಅಳಿಸಿ 'ಕ್ವಾಟಿ ಬಳಗ' ಎಂದು ಇಟ್ಟೆ. ಅದೇ ಉತ್ಸಾಹದಲ್ಲಿ ಹೆಂಡತಿಯ ತವರಿನವರ ಗುಂಪಿನ 'ಫ್ಯಾಮಿಲಿ' ಎಂಬ ಹೆಸರನ್ನೂ ತೆಗೆದು 'ಶಿರೂರ ಬಳಗ' ಎಂದು ಮಾಡಿದೆ. ಭಾಷಾಸೇವೆಗೆ ಇಂಥದೇ ಜಾಗ ಬೇಕೆಂದಿಲ್ಲ.

ಕಳೆದ ಚಳಿಗಾಲದಲ್ಲಿ ಎಂಟನೆಯ ಭಾಗದ ಒಂದು ಚಿತ್ರ ಹೊರಬಿತ್ತು. ಕೆಂಪು ಬಂಡೆ, ಕೆಳಗೆ ಒಂದಿಷ್ಟು ನೀರು. ಅಷ್ಟೇ. ನೋಡಿದ ಕೂಡಲೇ ನಾನು ಘೋಷಿಸಿದೆ: ಇದು ಬಾದಾಮಿ!

ಮುಂದಿನ ರವಿವಾರ ಸ್ಥಳ ಪರಿಶೀಲನೆಗೆ ಹೊರಟೆವು. ಇಳಕಲ್ಲಿನಲ್ಲಿ ಸೀರೆ ಅಂಗಡಿ ಇಟ್ಟಿರುವ ವಿರೂಪಾಕ್ಷನ ಕಾರು, ಜೊತೆಗೆ ಬಳಗದ ಇನ್ನಿಬ್ಬರು. ಹೊಂಡದ ದಂಡೆಯ ಮೇಲೆ ನಿಂತು ಫೋನನ್ನು ಬಂಡೆಗೆ ಎದುರಾಗಿ ಹಿಡಿದೆವು. "ಸರ, ಈ ಸೀಳು ನೋಡ್ರಿ. ಚಿತ್ರದಾಗಿಂದ ಸೀಳು ಇದ" ಎಂದು ವಿರೂಪಾಕ್ಷ ಗದ್ಗದಿತನಾದ. ಪ್ರವಾಸಿಗರು ನಮ್ಮನ್ನು ಪ್ರಾಚ್ಯವಸ್ತು ಇಲಾಖೆಯವರೆಂದು ತಿಳಿದು ದಾರಿ ಬಿಟ್ಟರು. ಮಂಗಗಳು ಹಾಗೇನೂ ತಿಳಿಯಲಿಲ್ಲ. ನಮ್ಮ ಚುರಮರಿಯ ಗಂಟನ್ನು ಕಿತ್ತುಕೊಂಡು ಹೋದವು.

ಹಸಿದು ಗುಳೇದಗುಡ್ಡದ ಮಾರ್ಗವಾಗಿ ಮರಳಿ ಬರುವಾಗ ರಸ್ತೆಯ ಪಕ್ಕ ಒಂದು ಬೇವಿನ ಗಿಡ, ಅದರ ಕೆಳಗಿನಿಂದಲೇ ಶುರುವಾಗುವ ಹಸಿರು ಕಡಲೆಯ ಹೊಲ ಕಂಡವು. ನಮ್ಮ ಕಡೆ ದಾರಿಹೋಕರು ಒಂದು ಹಿಡಿ ಹಸಿ ಕಡಲೆ ಕಿತ್ತು ತಿಂದರೆ ಯಾರೂ ಏನೂ ಅನ್ನುವುದಿಲ್ಲ. ನಾವು ಹಿಡಿಗೆ ನಿಲ್ಲಲಿಲ್ಲ. ವಿರೂಪಾಕ್ಷನ ಅಂಗಡಿಯ ಚೀಲ ತುಂಬಿಸಿ, ಬದುವಿನ ಮೇಲೆ ಕುಳಿತು, ಎಂಟನೆಯ ಭಾಗದ ಕಥೆಯನ್ನು ನಾವೇ ಹೆಣೆಯುತ್ತ ತಿಂದೆವು. ಸಂತೋಷದ ಭರದಲ್ಲಿ ಚೀಲವನ್ನು ಅಲ್ಲೇ ಮರೆತೆವು.

ಆ ವಾರವೇ ಆಟದ ಜಾಹೀರಾತಿನ ತುಣುಕು ಬಂತು. ರಜೆಯ ದಿನ, ಬೆಳಿಗ್ಗೆ. ಕೆಂಪು ಬಂಡೆ ಕಂಡಿತು. ನನ್ನ ಕಣ್ಣು ತುಂಬಿತು. ಆಮೇಲೆ ಬಂಡೆ ಹಿಂದೆ ಸರಿಯಿತು. ಅದೊಂದು ದ್ವೀಪ! ಸುತ್ತ ಸಮುದ್ರ. ಒಂದು ಹಡಗು. ಅದರ ಮೇಲೆ ಒಕ್ಕಣ್ಣಿನವನೊಬ್ಬ ಯಾವ ಕಾರಣವೂ ಇಲ್ಲದೆ ಗಹಗಹಿಸಿ ನಗುತ್ತಿದ್ದ.

ಬಳಗ ಸಿಡಿದೆದ್ದಿತು. "ಕ್ವಾಟಿ ಎಲ್ಲೈತ್ರಿ ಇದರಾಗ?" ಎಂದು ಹುನಗುಂದದಿಂದ ಒಬ್ಬ ಕೇಳಿದ. "ಹಡಗದಾಗ ಹತ್ತೂದ ಏನು, ಹಾಯಿ ಕಂಬ ಏನ?" ಎಂದ ಇನ್ನೊಬ್ಬ. "ಆ ಒಕ್ಕಣ್ಣ ಯಾಕ ನಗತಾನ ಗೊತ್ತೇನ್ರಿ? ನಾವು ರೊಕ್ಕಾ ಕೊಟ್ಟು ತುಗೋತೇವಿ ಅಂತ ನಗತಾನ" ಎಂದು ವಿರೂಪಾಕ್ಷ ಬರೆದ. ನೀರಿನ ಬಗ್ಗೆ ಬಾಗಲಕೋಟೆಯವರಿಗೆ ಪಾಠ ಹೇಳುವುದೆಂದರೇನು! ನಮ್ಮ ಹಳೆಯ ಊರು ಅರ್ಧ ಅಣೆಕಟ್ಟಿನ ಹಿನ್ನೀರಿನಲ್ಲೇ ಇದೆ. ಇವರ ಸಮುದ್ರ ಯಾರಿಗೆ ಬೇಕಾಗಿತ್ತು? ಕೋಟೆ ಕಟ್ಟುವ ಕಲ್ಪನೆ ಬತ್ತಿದವರಷ್ಟೇ ನೀರು ತುಂಬಿಸುತ್ತಾರೆಂದು ನಾನು ತೀರ್ಮಾನಿಸಿದೆ.

"ಸರ, ಅಧ್ಯಕ್ಷರು ಅಂದ ಮ್ಯಾಲೆ ನೀವೊಂದು ಖಂಡನಾ ಮಾಡ್ರಿ" ಎಂದು ವಿರೂಪಾಕ್ಷ ಕೇಳಿಕೊಂಡ. ನಾನು ಗಂಟಲು ಸರಿಮಾಡಿಕೊಂಡು ಫೋನಿನಲ್ಲಿ ಧ್ವನಿ ಸಂದೇಶ ಹೇಳಿದೆ. ಉಳಿದವರಂತೆ 'ಪೈರೇಟ್ಸ್' ಎನ್ನುವ ಜಾತಿಯವನಲ್ಲ ನಾನು.

"ಬಂಧುಗಳೇ, ಕಡಲಗಳ್ಳರು ಬಂದಿದ್ದಾರೆ. ಇಷ್ಟು ವರ್ಷ ನಾವು ಪ್ರೀತಿಯಿಂದ ಕಾಪಾಡಿಕೊಂಡದ್ದನ್ನು ಹಾಳು ಮಾಡಿದ್ದಾರೆ. ಇವರ ಹಿಂದೆ ಯಾರಿದ್ದಾರೆಂಬುದು ನನಗೆ ಚೆನ್ನಾಗಿ ಗೊತ್ತು. ನಾವು ಸುಮ್ಮನೆ ಕುಳಿತರೆ ಮತ್ತೆ ಬರುತ್ತಾರೆ. ಏಳಿ!"

ಸಂದೇಶವನ್ನು 'ಬಳಗ'ಕ್ಕೆ ಕಳಿಸಿದೆ. ಫೋನ್ ಬಂದ್ ಮಾಡಿ, ರೊಟ್ಟಿ ಉಂಡು, ಕರ್ತವ್ಯ ಮುಗಿಸಿದವನ ನಿದ್ದೆ ಮಾಡಿದೆ.

ಎದ್ದಾಗ ಅಂಗಳದಲ್ಲಿ ಜೀಪು ನಿಂತಿತ್ತು. ಪಡಸಾಲೆಯಲ್ಲಿ ಮಾವನವರು, ಅವರ ಅಕ್ಕಪಕ್ಕ ಶಿರೂರಿನ ಇಬ್ಬರು ಹಿರಿಯರು.

"ಅಳ್ಯಾರ, ನಿಮ್ಮ ಮಾತು ಕೇಳಿದ್ನಿ" ಎಂದರು ಮಾವ. "ಕಟ್ಟಿ ಮ್ಯಾಲೆ ಕುಂತವ್ರಿಗೆಲ್ಲಾ ಕೇಳಿಸಿದ್ನಿ. ಎಲ್ಲಾರೂ ಎದ್ದ ನಿಂತ್ರು."

ಒಂದು ಆಟದ ಅವನತಿಗೆ ಶಿರೂರಿನ ಕಟ್ಟೆಯೇ ಎದ್ದು ನಿಂತಿತೆ? ನನ್ನ ಎದೆ ತುಂಬಿ ಬಂತು. ಸಂದೇಶ ಅಲ್ಲಿಗೆ ಹೇಗೆ ಹೋಯಿತೆಂದು ಕೇಳಬೇಕೆನ್ನುವುದೂ ಹೊಳೆಯಲಿಲ್ಲ.

"ನಿಮಗೂ ಬ್ಯಾಸರಾತ್ರಿ ಮಾವಾರ?"

"ಬ್ಯಾಸರಲ್ಲರಿ, ಹೊಟ್ಟಿ ಉರದೈತಿ. ಅವ್ರು ಯಾರು ಅಂತ ಹೇಳ್ರಿ ಸಾಕು."

"ಪರದೇಶದವ್ರು ಮಾವಾರ. ರೊಕ್ಕದ ಆಸೇಕ ಬಿದ್ದಾರ."

ಮಾವನವರು ಹಿರಿಯರ ಮುಖ ನೋಡಿದರು. ಹಿರಿಯರು ಮಾವನವರ ಮುಖ ನೋಡಿದರು.

"ಪರದೇಶದವ್ರು ಬಂದು ನಮ್ಮ ಕಡ್ಲಿ ಯಾಕ ಕೀಳ್ತಾರ್ರಿ?" ಎಂದರು ಮಾವ.

ಆಗ ನನಗೆ ಎಲ್ಲ ಅರ್ಥವಾಯಿತು. ಸಂದೇಶ ಹೋದದ್ದು ಶಿರೂರಿನ ಬಳಗಕ್ಕೆ. ನಮ್ಮ ಕಡೆ ಸಮುದ್ರವನ್ನು ಸಮುದ್ರ ಅನ್ನುತ್ತಾರೆಯೇ ಹೊರತು ಕಡಲು ಎನ್ನುವವರು ಒಬ್ಬರೂ ಇಲ್ಲ. ಕಡಲೆಕಾಳನ್ನು ಮಾತ್ರ ಎಲ್ಲರೂ ಕಡ್ಲಿ ಅನ್ನುತ್ತಾರೆ. ನನ್ನ ಅಚ್ಚಗನ್ನಡದ ಕಡಲಗಳ್ಳರು ಜೀಪು ಹತ್ತುವಷ್ಟರಲ್ಲಿ ಕಡ್ಲಿಗಳ್ಳರಾಗಿದ್ದರು!

ಅಡುಗೆಮನೆಯ ಬಾಗಿಲಲ್ಲಿ ನಿಂತ ಶಶಿಕಲಾ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ನೀರು ಕೊಡುವ ನೆಪದಲ್ಲಿ ಹತ್ತಿರ ಬಂದು, "ಖರೆ ಹೇಳಿ ಬಿಡ್ರಿ" ಎಂದು ಪಿಸುಗುಟ್ಟಿದಳು.

ಖರೆ ಹೇಳಿದರೆ ಓದುವ ಅಳಿಯ ಇಲ್ಲವಾಗುತ್ತಿದ್ದ, ಜಮಖಾನೆ ಮಡಚಿ ಒಳಗೆ ಹೋಗುತ್ತಿತ್ತು. ನಾನು ಗಂಭೀರನಾದೆ. "ಗುಮಾನಿ ಐತ್ರಿ. ಆದ್ರ ಖಾತ್ರಿ ಇಲ್ಲದ ಯಾರ ಹೆಸರೂ ಹೇಳಬಾರ್ದು" ಎಂದೆ.

ಹಿರಿಯರು ತಲೆದೂಗಿದರು. "ಓದಿದವ್ರ ಮಾತು ಅಂದ್ರ ಇದು" ಎಂದರು ಮಾವ. "ನಡ್ರಿ, ಜಾಗಾ ನೋಡ್ರಿ. ನಮಗ ಕಾಣದ್ದು ನಿಮಗ ಕಾಣ್ತೈತಿ" ಎಂದು ನನ್ನನ್ನು ಜೀಪಿಗೆ ಹತ್ತಿಸಿದರು. ಏನಾಗುವುದೋ ನೋಡಬೇಕೆಂದು ಶಶಿಕಲಾಳೂ ಹತ್ತಿದಳು.

ಜೀಪು ಶಿರೂರು ದಾಟಿತು. ಸ್ವಲ್ಪ ದೂರ ಹೋಗಿ ರಸ್ತೆಯ ಪಕ್ಕ ನಿಂತಿತು. ಒಂದು ಬೇವಿನ ಗಿಡದ ಕೆಳಗೆ.

ಅವರು ಹೇಳಿದ್ದು ಸರಿ. ಅವರಿಗೆ ಕಾಣದ್ದು ನನಗೆ ಕಂಡಿತು. ಬದುವಿನ ಮೇಲೆ ನಾನು ಕುಳಿತ ಕಲ್ಲು ಕಂಡಿತು. ಅದರ ಸುತ್ತ ಒಣಗಿದ ಸಿಪ್ಪೆಯ ರಾಶಿ ಕಂಡಿತು. ಬಾಯಲ್ಲಿ ಹಸಿ ಕಡಲೆಯ ಹುಳಿ ಮತ್ತೆ ಬಂದಂತಾಯಿತು.

"ಕಿತ್ತರ ಕೀಳ್ಲಿ, ಬ್ಯಾಡ ಅನ್ನಂಗಿಲ್ಲ" ಎಂದರು ಮಾವ. "ಆದ್ರ ಬೀಜಕ್ಕಂತ ಬಿಟ್ಟ ಸಾಲು ಅದು. ಹದಾ ನೋಡಿ ನೋಡಿ ಚೊಲೋವು ಅಷ್ಟ ಕಿತ್ತಾರ. ತಿಳಿದವನ ಕೆಲಸ ಇದು." ನನ್ನನ್ನು ಯಾರಾದರೂ ತಿಳಿದವನು ಎಂದಾಗ ಖುಷಿಯಾಗದಿದ್ದದ್ದು ಅದೇ ಮೊದಲು.

ಅವರು ಜೀಪಿನಿಂದ ಒಂದು ಚೀಲ ತೆಗೆದರು. ಅದರ ಮೇಲೆ ಇಳಕಲ್ಲಿನ ಸೀರೆ ಅಂಗಡಿಯ ಹೆಸರು, ಫೋನ್ ನಂಬರು. "ನಾನ ಫೋನ್ ಮಾಡಿದ್ರ ಸಿಟ್ಟಿಗೆ ಏನರೆ ಅಂದ ಬಿಡ್ತೇನಿ ಅಂತ ಸುಮ್ಮನಿದ್ನಿ. ನಿಮಗ ಮಾತು ಬರ್ತಾವು. ನೀವ ಕೇಳ್ರಿ" ಎಂದು ತಮ್ಮ ಫೋನಿನಿಂದ ಕರೆ ಮಾಡಿ, ಎಲ್ಲರಿಗೂ ಕೇಳುವಂತೆ ದನಿ ಏರಿಸಿ ನನ್ನ ಕೈಗಿತ್ತರು.

ಇನ್ನು ಗ್ರಂಥಸ್ಥ ಭಾಷೆಯೇ ಗತಿ. ಪರಿಚಯವಿಲ್ಲದವನಂತೆ ಕೇಳಿದೆ: "ಮಹನೀಯರೇ, ತಾವು ಶಿರೂರಿನ ಬಳಿಯ ಹೊಲವೊಂದರಲ್ಲಿ ಕಡಲೆಯನ್ನು ಕಿತ್ತಿರುವುದು ನಿಜವೇ?"

"ಸರ!" ಎಂದು ವಿರೂಪಾಕ್ಷ ಖುಷಿಯಿಂದ ಕೂಗಿದ. ಆ ಭಾಷೆ ಮಾತಾಡುವವನು ಜಿಲ್ಲೆಯಲ್ಲಿ ನಾನೊಬ್ಬನೇ ಎಂಬುದು ನನಗೆ ಹೊಳೆದಿರಲಿಲ್ಲ. "ಎಲ್ಲಿ ಅದೀರಿ? ಬಳಗದವ್ರೆಲ್ಲಾ ನಿಮ್ಮ ಖಂಡನಾ ಸಲುವಾಗಿ ಮುಂಜಾನಿಂದ ಕಾಯಾಕತ್ತಾರ."

"ಕಡಲೆಯ ವಿಚಾರಕ್ಕೆ ಬನ್ನಿ" ಎಂದೆ.

"ಏನ್ ಚ್ಯಾಷ್ಟಿ ಮಾಡ್ತೀರಿ ಸರ. ಗಾಡಿ ನಿಂದ್ರಸು ಅಂದವ್ರ ನೀವು. ಆ ಸಾಲು ಬ್ಯಾಡ, ಈ ಸಾಲಿನ್ಯಾಗ ಹದಾ ಬಂದೈತಿ ಅಂದವ್ರೂ ನೀವ. ಕ್ವಾಟಿ ಆಟದ ಏಳೂ ಭಾಗ ಮುಗಿಸಿದವ್ರು, ದಿನಾ ಸಂಜೀಕ ಬಾಗಿಲಾ ಹಾಕ್ಕೊಂಡು ಆಡಿದವ್ರು, ಕಾವಲಿದ್ದಲ್ಲಿ ಹೆಂಗ ನುಗ್ಗಬೇಕು ಅಂತ ನಮಗ ನೀವ ಕಲಿಸಿದ್ರಿ."

ಮಾವನವರು ಫೋನನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು ಬಂದ್ ಮಾಡಿದರು. ಹಿರಿಯರು ಬೇವಿನ ಗಿಡವನ್ನು ನೋಡತೊಡಗಿದರು. ಶಶಿಕಲಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಜೀಪಿನ ಆ ಕಡೆಗೆ ಹೋದಳು. ಅಳುತ್ತಿರಲಿಲ್ಲ, ನಗುತ್ತಿದ್ದಳು.

"ಸಂಜೀಕ ಓದೂದು ಅಂದ್ರ ಇದ ಏನ್ರಿ?" ಎಂದು ಮಾವ ಕೇಳಿದರು.

"ಹೌದ್ರಿ" ಎಂದೆ. ಅಚ್ಚಗನ್ನಡದಲ್ಲಿ ಬೇರೆ ಪದ ಸಿಗಲಿಲ್ಲ.

ಅವರು ಬಾಗಿ, ಉಳಿದಿದ್ದ ಗಿಡಗಳಲ್ಲಿ ಒಂದನ್ನು ಕಿತ್ತು ನನ್ನ ಕೈಯಲ್ಲಿಟ್ಟರು. "ಕೇಳಿದ್ರ ಚೀಲಾ ತುಂಬಿ ಮನಿಗೆ ಕಳಿಸ್ತಿದ್ನಲ್ಲರಿ" ಎಂದರು. ಬೈದಿದ್ದರೇ ಚೆನ್ನಾಗಿತ್ತು. ನನಗೆ ನಿಜವಾಗಿ ನಾಚಿಕೆಯಾಯಿತು. ಆ ಒಕ್ಕಣ್ಣ ಹಡಗಿನ ಮೇಲೆ ನಿಂತು ಯಾರನ್ನು ನೋಡಿ ನಗುತ್ತಿದ್ದನೆಂಬುದೂ ಆಗ ಗೊತ್ತಾಯಿತು.

ಈಗಲೂ ಶಿರೂರಿನಲ್ಲಿ ನನಗೆ ಜಮಖಾನೆ ಹಾಸುತ್ತಾರೆ. ಹಾಸುವ ಮೊದಲು "ಅಳ್ಯಾರು ಬಂದಾರ, ಕಡ್ಲಿ ಚೀಲಾ ಒಳಗ ಸರಸ್ರಿ" ಎಂದು ಒಬ್ಬರಾದರೂ ಕೂಗುತ್ತಾರೆ.

ಎಂಟನೆಯ ಭಾಗವನ್ನು ಕೈಯಿಂದ ಮುಟ್ಟುವುದಿಲ್ಲವೆಂದು ನಮ್ಮ ಬಳಗ ಒಕ್ಕೊರಲಿನಿಂದ ಶಪಥ ಮಾಡಿತ್ತು. ಅದು ಬಿಡುಗಡೆಯಾದ ದಿನವೇ ಎಲ್ಲರೂ ಒಬ್ಬರಿಗೊಬ್ಬರು ತಿಳಿಸದೆ ಕೊಂಡರು. ನಾನು ಎಲ್ಲರಿಗಿಂತ ಮೊದಲು ಕೊಂಡೆ. ಹೇಳಬಾರದು, ಚೆನ್ನಾಗಿಯೇ ಇದೆ. ಕದಿಯುವ ಭಾಗವಂತೂ ನನಗೆ ಸಲೀಸು.

ಸಂಜೆ ಈಗ ಕೋಣೆಯ ಬಾಗಿಲು ತೆರೆದೇ ಇರುತ್ತದೆ. ಮಾವನವರ ಫೋನು ಅದೇ ಹೊತ್ತಿಗೆ ಬರುತ್ತದೆ, ಅದೇ ಪ್ರಶ್ನೆ ಕೇಳುತ್ತದೆ. ಶಶಿಕಲಾ ಈಗ ಸುಳ್ಳು ಹೇಳುವುದಿಲ್ಲ.

"ಕಡ್ಲಿ ಕದಿಯಾಕ ಕುಂತಾರ, ಅಪ್ಪಾ" ಎನ್ನುತ್ತಾಳೆ.

ಕಡ್ಲಿ ಅಲ್ಲ, ಕಡಲು ಎಂದು ತಿದ್ದಬೇಕೆನಿಸುತ್ತದೆ. ತಿದ್ದುವುದಿಲ್ಲ.