ಹಲ್ಲಿನ ಡಾಕ್ಟರು ಹಿಡಿದ ಹೈಬ್ರಿಡ್ ಮೀನು

ಗಾಳ ಹಿಡಿದು ನೀರಿನ ಬದಿಗೆ ಹೋದ ದಿನ ನನಗೆ ಏನಾದರೊಂದು ಆಗಿಯೇ ಆಗುತ್ತದೆ. ಮೀನು ಸಿಗುವುದು ಅಪರೂಪ, ನಗೆಪಾಟಲಾಗುವುದು ಮಾತ್ರ ಇದುವರೆಗೆ ತಪ್ಪಿಲ್ಲ. ಕಡಬ ಪೇಟೆಯಲ್ಲಿ ನನ್ನದೊಂದು ಹಲ್ಲಿನ ಕ್ಲಿನಿಕ್ಕು ಉಂಟು. ವಾರವಿಡೀ ಜನರ ಬಾಯಿಗೆ ಕೈ ಹಾಕುತ್ತೇನೆ, ಆದಿತ್ಯವಾರ ಮೀನಿನ ಬಾಯಿಗೆ ಗಾಳ ಹಾಕುತ್ತೇನೆ. ಮೊದಲನೆಯದನ್ನು ಕಾಲೇಜಿಗೆ ಹೋಗಿ ಕಲಿತೆ. ಎರಡನೆಯದನ್ನು ಫೋನಿನಲ್ಲಿ ವಿಡಿಯೋ ನೋಡಿ ಕಲಿತೆ. ಅದು ನೋಡಿದವರಿಗೆ ಗೊತ್ತಾಗುತ್ತದೆ.

ಬಾಯಿ ತೆರೆಯಿರಿ

ಇಚಿಲಂಪಾಡಿಯಲ್ಲಿ ರಬ್ಬರ್ ತೋಟ ಇರುವ ಹಿರಿಯರೊಬ್ಬರು ನನ್ನ ಹಳೆಯ ರೋಗಿ. ತಂದೆಯ ಕಾಲದಲ್ಲಿ ಕೇರಳದಿಂದ ಬಂದು ನೆಲೆಸಿದ ಮನೆಯವರು. ಊರಿಡೀ ಅವರನ್ನು ಚೇಟ, ಅಂದರೆ ಅಣ್ಣ, ಎಂದೇ ಕರೆಯುವುದು. ಅವರು ತೋಟದ ಕೆರೆಗೆ ಕಾಟ್ಲಾ ಎಂದು ಹೇಳಿ ಮಾರಿದ ಮೀನುಮರಿಗಳನ್ನು ತಂದು ಬಿಟ್ಟಿದ್ದರು. ಮರಿಗಳು ಸ್ವಲ್ಪ ಬೆಳೆದ ಮೇಲೆ ಅವರಿಗೆ ಸಂಶಯ ಶುರುವಾಯಿತು. ಕಾಟ್ಲಾಕ್ಕೆ ತಲೆ ದೊಡ್ಡದು, ಬಾಯಿ ಮೇಲ್ಮುಖ. ಅದರದೇ ಬಳಗದ ರೋಹುವಿಗೆ ತಲೆ ಸಣ್ಣದು, ಬಾಯಿ ಕೆಳಮುಖ. ಇವುಗಳ ಮುಖ ನೋಡಿದರೆ ಎರಡು ಮನೆಯವರೂ ನಮ್ಮದೇ ಎನ್ನುವ ಹಾಗಿತ್ತು. ಎರಡನ್ನೂ ಸೇರಿಸಿ ಮಾಡಿದ ಹೈಬ್ರಿಡ್ ಇರಬೇಕು ಎಂದು ಯಾರೋ ಅವರ ಕಿವಿಗೆ ಹಾಕಿದ್ದರು. ಹಾಗೇನಾದರೂ ಇದ್ದರೆ ಆ ಮರಿ ಮಾರಿದವನ ಹತ್ತಿರ ಜನ್ಮದಲ್ಲಿ ಮತ್ತೆ ಹೋಗುವುದಿಲ್ಲ ಎಂದು ಚೇಟ ಹಠ ಹಿಡಿದು ಕೂತಿದ್ದರು.

"ಬಾಯಿ ನೋಡಿ ಜಾತಿ ಹೇಳುದಂತೆ ಡಾಕ್ಟ್ರೆ," ಎಂದರು ನನ್ನ ಹತ್ತಿರ ಬಂದು. "ಬಾಯಿ ನೋಡುವವರು ನಮ್ಮಲ್ಲಿ ನೀವೊಬ್ಬರೇ ಅಲ್ವಾ."

ಇಂಥ ಮರ್ಯಾದೆ ನನಗೆ ಅದುವರೆಗೆ ಯಾರೂ ಕೊಟ್ಟಿರಲಿಲ್ಲ. ಕ್ಲಿನಿಕ್ಕಿನ ಸಣ್ಣ ಕನ್ನಡಿ, ಕೊಕ್ಕೆ, ಟಾರ್ಚು, ಗ್ಲೌಸು ಎಲ್ಲ ಕಟ್ಟಿಕೊಂಡು ಹೋದೆ. ಚೇಟ ಬಲೆಯಲ್ಲಿ ಸಿಕ್ಕಿದ ಒಂದು ಸಣ್ಣ ಮೀನನ್ನು ಬಕೆಟ್ಟಿನಲ್ಲಿ ಇಟ್ಟಿದ್ದರು. ನಾನು ಅದರ ಬಾಯಿಗೆ ಕನ್ನಡಿ ಹಿಡಿದು ಮೇಲಿನ ದವಡೆ ನೋಡಿದೆ, ಕೆಳಗಿನ ದವಡೆ ನೋಡಿದೆ. ಅಭ್ಯಾಸಬಲದಿಂದ "ಸ್ವಲ್ಪ ದೊಡ್ಡದು ತೆರೀರಿ" ಎಂದೂ ಹೇಳಿದೆನಂತೆ. ಎಷ್ಟು ತಡಕಿದರೂ ಒಂದು ಹಲ್ಲು ಸಿಗಲಿಲ್ಲ. ಗ್ಲೌಸು ಕಳಚಿ, ರೋಗಿಯ ಮನೆಯವರಿಗೆ ಹೇಳುವ ಅದೇ ಸ್ವರದಲ್ಲಿ, "ಇದಕ್ಕೆ ಹಲ್ಲೇ ಇಲ್ಲ ಚೇಟ" ಎಂದೆ.

ಚೇಟ ಮೀನನ್ನು ಕನಿಕರದಿಂದ ನೋಡಿದರು. "ಹಾಗಾದ್ರೆ ನನಗೆ ಮಾಡಿದ ಹಾಗೆ ಅದಕ್ಕೂ ಒಂದು ಸೆಟ್ಟು ಮಾಡಿ. ಆದ್ರೆ ನನ್ನದರ ಹಾಗೆ ತಿನ್ನುವಾಗ ಬೀಳುದು ಬೇಡ."

ಲವಂಗದ ಎಣ್ಣೆ

ಸಣ್ಣದರಲ್ಲಿ ಗುರುತು ಸಿಗುವುದಿಲ್ಲ, ದೊಡ್ಡದೊಂದು ಬೇಕು ಎಂದು ನಾನೇ ತೀರ್ಮಾನ ಕೊಟ್ಟೆ. ದೊಡ್ಡವು ಬಲೆ ಬಿದ್ದ ಸದ್ದಿಗೇ ಕೆರೆಯ ಆಚೆ ಮೂಲೆ ಸೇರುತ್ತಿದ್ದವು. ಆದ್ದರಿಂದ ಗಾಳ ಹಾಕಿ ಹಿಡಿದು ಕೊಡುವ ಜವಾಬ್ದಾರಿಯನ್ನೂ ನಾನೇ ಮೈಮೇಲೆ ಎಳೆದುಕೊಂಡೆ.

ಕಡ್ಲೆ ಹಿಂಡಿಯನ್ನು ಅವಲಕ್ಕಿಯ ಜೊತೆ ಕಲಸಿ ಉಂಡೆ ಮಾಡಬೇಕು, ಅದಕ್ಕೆ ಏನಾದರೂ ಪರಿಮಳ ಸೇರಿಸಬೇಕು ಎಂದು ವಿಡಿಯೋದವನು ಹೇಳಿದ್ದ. ಹಲ್ಲಿನ ಡಾಕ್ಟರ ಕೈಯಲ್ಲಿ ಇರುವ ಪರಿಮಳ ಒಂದೇ, ಲವಂಗದ ಎಣ್ಣೆ. ಧಾರಾಳವಾಗಿ ಸುರಿದೆ. ಬೆಳಗ್ಗೆ ಹೋಗಿ ಕೂತವನಿಗೆ ಬಿಸಿಲು ನೆತ್ತಿಗೆ ಬಂದರೂ ದಾರಕ್ಕೆ ಕಟ್ಟಿ ನೀರಿನ ಮೇಲೆ ತೇಲಿಬಿಟ್ಟ ಬೆಂಡು ಅಲ್ಲಾಡಲಿಲ್ಲ. ಬರುವಾಗ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಮೂಗು ಎಳೆದುಕೊಂಡು, "ಹಲ್ಲುನೋವು ಜೋರುಂಟಾ?" ಎಂದು ಕೇಳಿದರು. ಹೌದು ಎಂದೆ. ಕಡಬದಲ್ಲಿ ಒಬ್ಬ ಡಾಕ್ಟರು ಇದ್ದಾರೆ, ಆದರೆ ಅವರು ಆದಿತ್ಯವಾರ ಕೈಗೆ ಸಿಗುವುದಿಲ್ಲ, ಎಲ್ಲೋ ಮೀನು ಹಿಡಿಯಲಿಕ್ಕೆ ಹೋಗುತ್ತಾರಂತೆ ಎಂದು ಅವರು ಬೇಸರದಿಂದ ಹೇಳಿದರು. ನಾನೂ ಬೇಸರಪಟ್ಟೆ.

ಮನೆಗೆ ಬಂದು ಓದಿ ನೋಡಿದರೆ, ಮೀನುಗಳಿಗೆ ಮಂಪರು ಬರಿಸಲಿಕ್ಕೆ ಬಳಸುವುದೇ ಲವಂಗದ ಎಣ್ಣೆಯಂತೆ. ಅಂದರೆ ನಾನು ಅಷ್ಟು ಹೊತ್ತು ಮೀನು ಹಿಡಿಯುತ್ತಿದ್ದದ್ದಲ್ಲ, ಮಲಗಿಸುತ್ತಿದ್ದದ್ದು. ಇದನ್ನು ಹೆಂಡತಿಗೆ ಹೇಳಿದೆ. ಅವಳಿಗೆ ಚೇಟನ ಫೋನು ಆಗಲೇ ಬಂದಿತ್ತು.

"ಮೀನು ಮಲಗಿದ್ದು ಎಣ್ಣೆಗೆ. ನೀವು ದಂಡೆಯಲ್ಲಿ ಗೊರಕೆ ಹೊಡೆದದ್ದು ಎಂತಕ್ಕೆ?" ಎಂದು ಕೇಳಿದಳು.

ಇರುವೆ ಕಚ್ಚಿದ ಹಾಗೆ

ಗಾಳವನ್ನು ದೂರ ಎಸೆಯಲಿಕ್ಕೆ ಒಂದು ಕ್ರಮ ಉಂಟು. ಕೋಲನ್ನು ಹಿಂದೆ ತಂದು, ಹಿಂದೆ ಮುಂದೆ ನೋಡಿ, ಬೀಸಬೇಕು. ನಾನು ಮುಂದೆ ಮಾತ್ರ ನೋಡಿದೆ. ದಾರ ಕೆರೆಗೆ ಹೋಗುವ ಬದಲು ಗಿರಕಿ ಹೊಡೆದು ಬಂತು, ಗಾಳ ನನ್ನ ಕಿವಿಯ ಹಾಲೆಗೆ ಸಿಕ್ಕಿಕೊಂಡಿತು. ಗಾಳದ ತುದಿಯಲ್ಲಿ ಹಿಮ್ಮುಖ ಮುಳ್ಳು ಇರುತ್ತದೆ, ಎಳೆದರೆ ಬರುವುದಿಲ್ಲ. ಕೋಲಿನ ಕಡೆಯಿಂದ ದಾರ ಕತ್ತರಿಸಿ, ಕಿವಿಯಲ್ಲಿ ಬೆಂಡು ನೇತಾಡಿಸಿಕೊಂಡು ಚೇಟನ ಜೀಪಿನಲ್ಲಿ ಕ್ಲಿನಿಕ್ಕಿಗೆ ಬಂದೆ.

ಅದು ಕೆಲಸದ ದಿನ. ಮಧ್ಯಾಹ್ನದ ಬಿಡುವಿನಲ್ಲಿ ಒಂದು ಗಳಿಗೆ ಹೋಗಿ ಬರುವ ಎಂದು ಹೊರಟಿದ್ದೆ. ಹೊರಗೆ ರೋಗಿಗಳು ಕೂತಿದ್ದರು. ಹಿಂಬಾಗಿಲಿನಿಂದ ಒಳಗೆ ಹೋದೆ. ನನ್ನ ಸಹಾಯಕಿ ಸುಳ್ಯದ ಕಡೆಯವಳು, ಮಾತು ಕಡಿಮೆ. ಸೂಜಿ ಚುಚ್ಚುವ ಮೊದಲು ನಾನು ಎಲ್ಲರಿಗೂ, "ಏನಿಲ್ಲ, ಇರುವೆ ಕಚ್ಚಿದ ಹಾಗೆ ಆಗ್ತದೆ" ಎನ್ನುವುದನ್ನು ಅವಳು ವರ್ಷಗಳಿಂದ ಕೇಳಿಸಿಕೊಂಡವಳು. ನನ್ನನ್ನು ರೋಗಿಯ ಕುರ್ಚಿಯಲ್ಲಿ ಕೂರಿಸಿದಳು. ಮರಗಟ್ಟಿಸುವ ಇಂಜೆಕ್ಷನ್ನನ್ನು ನನ್ನ ಕೈಗೇ ಕೊಟ್ಟು, ಕನ್ನಡಿ ಹಿಡಿದು ನಿಂತಳು. ನನಗೆ ನಾನೇ ಚುಚ್ಚಿಕೊಳ್ಳಲಿಕ್ಕೆ ಧೈರ್ಯ ಸಾಲದೆ ಹಾಗೆಯೇ ತೆಗೆದುಬಿಡು ಎಂದೆ. ಅವಳು ಇಕ್ಕಳ ಹಿಡಿದು, "ಏನಿಲ್ಲ ಸರ್, ಇರುವೆ ಕಚ್ಚಿದ ಹಾಗೆ ಆಗ್ತದೆ" ಎಂದಳು.

ಆಮೇಲೆ ಬಂದ ಸ್ವರ ನನ್ನದೇ ಎಂದು ನನಗೂ ಗೊತ್ತಾಗಲಿಲ್ಲ.

ಕಿವಿಗೆ ಪ್ಲಾಸ್ಟರು ಹಾಕಿಕೊಂಡು ಹೊರಗೆ ಬಂದಾಗ ಪೆರಾಬೆಯ ಒಬ್ಬರು ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. "ಪಾಪ, ಎಷ್ಟು ಕೂಗಿತು ಆ ಮಗು. ಎಷ್ಟು ಪ್ರಾಯ ಡಾಕ್ಟ್ರೆ ಅದಕ್ಕೆ?"

"ಸಣ್ಣದು ಅಮ್ಮ," ಎಂದೆ. "ಹಿಂಬಾಗಿಲಿನಿಂದ ಕಳಿಸಿದೆ."

ಫೋಟೋ

ಕೊನೆಗೆ ಒಂದು ಆದಿತ್ಯವಾರ ಲವಂಗದ ಎಣ್ಣೆ ಇಲ್ಲದ ಉಂಡೆಗೆ ಮೀನು ಬಾಯಿ ಹಾಕಿತು. ಬೆಂಡು ಸೀದಾ ಒಳಗೆ ಹೋಯಿತು. ನಾನು ಮೀನನ್ನು ಮೇಲೆ ಎಳೆದೆನೋ ಅದು ನನ್ನನ್ನು ಕೆಳಗೆ ಎಳೆಯಿತೋ ಹೇಳುವುದು ಕಷ್ಟ. ಕೆಸರಿನಲ್ಲಿ ಸೊಂಟದವರೆಗೆ ಇಳಿದು, ಬಿದ್ದು, ಎದ್ದು, ಅದನ್ನು ಎದೆಗೆ ಅವಚಿಕೊಂಡು ದಂಡೆ ಹತ್ತಿದೆ. ಒಳ್ಳೆಯ ತೂಕದ ಮೀನು. ತಲೆ ಕಾಟ್ಲಾದ್ದಕ್ಕಿಂತ ಸಣ್ಣ, ಮೈ ರೋಹುವಿಗಿಂತ ಅಗಲ. ಹೈಬ್ರಿಡ್ ಎಂದು ಮನಸ್ಸು ಹೇಳಿತು, ಬಾಯಿಬಿಟ್ಟು ಹೇಳಲಿಕ್ಕೆ ಧೈರ್ಯ ಸಾಲಲಿಲ್ಲ.

ಚೇಟ ಫೋಟೋ ತೆಗೆದರು. ಅದನ್ನು ನೆಂಟರ ವಾಟ್ಸಾಪ್ ಗ್ರೂಪಿಗೆ ಹಾಕಿ, ಯಾವ ಜಾತಿ ಎಂದು ಗೊತ್ತಿದ್ದವರು ಹೇಳಿ ಎಂದು ಬರೆದೆ. ಜಾಲ್ಸೂರಿನಲ್ಲಿರುವ ಭಾವನ ಉತ್ತರ ಕೂಡಲೇ ಬಂತು.

"ಜಾತಿ ಆಮೇಲೆ ನೋಡುವ. ಇದರಲ್ಲಿ ಮೀನು ಯಾವುದು, ನೀವು ಯಾವುದು, ಒಂದು ಗುರುತು ಹಾಕಿ ಕಳಿಸಿ ಭಾವ."

ಮೂರು ಸಾಲು

ಆ ಮಧ್ಯಾಹ್ನ ನಮ್ಮಲ್ಲಿ ಆ ಮೀನಿನ ಸಾರು ಆಯಿತು. ಚೇಟನೂ ಊಟಕ್ಕೆ ಕೂತರು. ಎರಡನೆಯ ತುಂಡು ಮುಗಿಸಿ, ಕೈ ನೆಕ್ಕಿ, ಕಾಟ್ಲಾ ಆಗಲಿ ರೋಹು ಆಗಲಿ ಹೈಬ್ರಿಡ್ ಆಗಲಿ, ಇನ್ನು ಮರಿ ತರುವುದು ಆ ಮನುಷ್ಯನಿಂದಲೇ ಎಂದು ತೀರ್ಪು ಕೊಟ್ಟರು. ಅವರ ಮಟ್ಟಿಗೆ ವಿಷಯ ಮುಗಿಯಿತು.

ನನಗೆ ಮುಗಿಯಲಿಲ್ಲ. ಈ ಮೀನುಗಳಿಗೆ ಹಲ್ಲು ಇರುವುದು ಬಾಯಲ್ಲಿ ಅಲ್ಲ, ಗಂಟಲಿನ ಮೂಳೆಯಲ್ಲಿ ಎಂದು ಅಷ್ಟರಲ್ಲಿ ಓದಿದ್ದೆ. ತಲೆಯ ತುಂಡಿನಿಂದ ಆ ಮೂಳೆ ಬಿಡಿಸಿ, ತೊಳೆದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕ್ಲಿನಿಕ್ಕಿಗೆ ತಂದು ಎಕ್ಸ್‌ರೇ ತೆಗೆದೆ. ಕಂಪ್ಯೂಟರಿನಲ್ಲಿ ಚಂದ ಮೂರು ಸಾಲು ಹಲ್ಲು ಕಂಡಿತು. ಜಾತಿ ಮಾತ್ರ ಕಾಣಲಿಲ್ಲ. ಚಿತ್ರವನ್ನು ಸಹಾಯಕಿಗೂ ಫೋನಿನಲ್ಲಿ ಕಳಿಸಿ, ಮನೆಗೆ ಹೋಗಿ ಮಲಗಿದೆ.

ಮರುದಿನ ಮೊದಲು ಬಂದದ್ದು ಒಬ್ಬರು ಬಸ್ ಕಂಡಕ್ಟರು. ಹಿಂದಿನ ದವಡೆ ನೋವು, ಕೆನ್ನೆ ಊದಿತ್ತು. ಎಕ್ಸ್‌ರೇ ತೆಗೆದು ಕಂಪ್ಯೂಟರಿನಲ್ಲಿ ತೆರೆದವನು ಬೆಚ್ಚಿಬಿದ್ದೆ. ಹಲ್ಲುಗಳಿಗೆ ಬೇರಿಲ್ಲ, ಒಂದರ ಹಿಂದೆ ಒಂದು ಸಾಲು. ಇಂಥ ಕೇಸು ಪುಸ್ತಕದಲ್ಲೂ ನೋಡಿದ ನೆನಪಿಲ್ಲ. ಇದರ ಬಗ್ಗೆ ಬರೆದರೆ ನನ್ನ ಹೆಸರು ದೂರ ದೂರ ಹೋಗುತ್ತದೆ ಎಂದೂ ಆ ಗಳಿಗೆಯಲ್ಲಿ ಅನಿಸಿತು. ಪರದೆಯನ್ನು ಅವರ ಕಡೆ ತಿರುಗಿಸಿ, ಹೆದರಬೇಡಿ, ನಿಮ್ಮ ಹಲ್ಲು ಎಲ್ಲರ ಹಾಗೆ ಇಲ್ಲ, ಮೂರು ಸಾಲು ಉಂಟು, ಮಂಗಳೂರಿಗೆ ಬರೆದುಕೊಡುತ್ತೇನೆ, ತಡ ಮಾಡಬೇಡಿ ಎಂದೆ. ಕಂಡಕ್ಟರು ಕುರ್ಚಿಯಲ್ಲಿ ನೆಟ್ಟಗೆ ಕೂತರು. ಮನೆಯಲ್ಲಿ ಯಾರಿಗೂ ಹೀಗಿಲ್ಲವಲ್ಲ ಎಂದು ನಾಲಿಗೆಯಿಂದ ತಡಕಿ ನೋಡುತ್ತಿದ್ದರು.

ಸಹಾಯಕಿ ನನ್ನ ಹಿಂದೆ ಬಂದು ನಿಂತು ತಗ್ಗಿದ ಸ್ವರದಲ್ಲಿ, "ಸರ್, ಅದು ನಿನ್ನೆಯದ್ದು. ಮೀನಿಂದು" ಎಂದಳು.

ತಗ್ಗಿದ ಸ್ವರವೇ, ಆದರೆ ಕಂಡಕ್ಟರ ಕಿವಿ ಚುರುಕು. ಬಸ್ಸಿನ ಗದ್ದಲದಲ್ಲಿ ಹಿಂದಿನ ಸೀಟಿನವರ ಸ್ಟಾಪು ಕೇಳಿಸಿಕೊಳ್ಳುವ ಕಿವಿ. ಅವರು ಪರದೆಯನ್ನು ನೋಡಿದರು, ನನ್ನನ್ನು ನೋಡಿದರು. ತಮ್ಮ ಎಕ್ಸ್‌ರೇಯ ಬಗ್ಗೆ ಏನೂ ಕೇಳಲಿಲ್ಲ.

"ನನಗಿಂತ ಮೊದಲು ಈ ಕುರ್ಚಿಗೆ ಬಂದದ್ದು ಆ ಮೀನೇ ಅಲ್ವಾ?" ಎಂದರು ಮೆಲ್ಲನೆ. "ಅದರ ಕತೆ ಎಂತ ಆಯ್ತು ಡಾಕ್ಟ್ರೆ?"

ಗಾಬರಿಯಲ್ಲಿ ಸುಳ್ಳು ಹೊಳೆಯಲಿಲ್ಲ.

"ಸಾರು ಮಾಡಿದೆವು," ಎಂದೆ.

ಕಂಡಕ್ಟರು ಊದಿದ ಕೆನ್ನೆಗೆ ಕೈ ಒತ್ತಿಕೊಂಡು ಕುರ್ಚಿಯಿಂದ ಇಳಿದು, ಅಭ್ಯಾಸಬಲದಿಂದ "ರೈಟ್ ರೈಟ್" ಎಂದು ಹೇಳಿಕೊಂಡು ಹೊರಟೇ ಹೋದರು.