ಗೈಡ್ ಬಂದರೆ ಏರುವ ಮುಳ್ಳು

ಬೆಳಿಗ್ಗೆ ಹತ್ತು ಗಂಟೆಗೆ ಮೀಟರಿನ ಮುಳ್ಳು ಕಾರಣವಿಲ್ಲದೆ ಏರಿತು. ಪದರಪ್ಪನ ಗ್ರಹಚಾರ ಶುರುವಾದದ್ದು ಅಲ್ಲಿಂದಲೇ.

ಪದರಪ್ಪ ಎಂಬುದು ಪ್ರಯೋಗಾಲಯದವರು ಇಟ್ಟ ಹೆಸರು. ವಿದ್ಯುತ್ ಹರಿಯುವ ಒಂದು ಜಾತಿಯ ಪ್ಲಾಸ್ಟಿಕ್ಕನ್ನು ಗಾಜಿನ ಚೂರಿನ ಮೇಲೆ ತೆಳ್ಳನೆಯ ಪದರವಾಗಿ ಬಳಿಯುವುದರಲ್ಲೇ ಆತ ಏಳು ವರ್ಷ ಸವೆಸಿದ್ದ. ಗಾಳಿಯಲ್ಲಿ ಅಮೋನಿಯಾ ಸುಳಿದರೆ ಪದರಕ್ಕೆ ಜೋಡಿಸಿದ ಮೀಟರಿನ ಮುಳ್ಳು ಏರಬೇಕು, ಗಾಳಿ ತಿಳಿಯಾದರೆ ಇಳಿಯಬೇಕು. ಮಧ್ಯಾಹ್ನ ಮೂರಕ್ಕೆ ಬರುವ ಪರೀಕ್ಷಕರ ಮುಂದೆ ಇಷ್ಟನ್ನು ತೋರಿಸಿದರೆ ಗೈಡ್ ಪ್ರಬಂಧಕ್ಕೆ ಸಹಿ ಹಾಕುತ್ತಾರೆ, ಪದರಪ್ಪ ಡಾಕ್ಟರ್ ಆಗುತ್ತಾನೆ. ತಪ್ಪಿದರೆ ಎಂಟನೆಯ ವರ್ಷ. ಅಳಿಯಂದಿರ ಓದು ಎಲ್ಲಿಗೆ ಬಂತು ಎಂದು ಕೇಳುವುದನ್ನು ಅತ್ತೆಯವರು ಆಗಲೇ ಬಿಟ್ಟಿದ್ದರು.

ಅಮೋನಿಯಾ ಬಾಟಲಿ ಬೀರುವಿನಲ್ಲೇ ಇತ್ತು. ಗೈಡ್ ಬಂದು ಬಗ್ಗಿ ನೋಡುತ್ತಿದ್ದಾಗಲೇ ಮುಳ್ಳು ಜಿಗಿಯಿತು. ಅವರು ಮುಖ ಸಿಂಡರಿಸಿ ಹೋದ ಮೇಲೆ ಏನೂ ಆಗಿಲ್ಲವೆಂಬಂತೆ ಇಳಿಯಿತು. ಹನ್ನೊಂದಕ್ಕೆ ಅವರು ಮತ್ತೆ ಬಂದಾಗಲೂ ಹೀಗೇ, ಹನ್ನೆರಡಕ್ಕೂ ಹೀಗೇ.

ಆಳಿಗೊಂದು ಮಾತು ಹುಟ್ಟಿತು. ತಂತಿ ಸಡಿಲವಾಗಿದೆ ಎಂದು ಪಕ್ಕದ ಮೇಜಿನವನು ಸರಿಯಿದ್ದ ತಂತಿಯನ್ನೆಲ್ಲ ಕಿತ್ತು ಮತ್ತೆ ಬೆಸೆದ. ಗಾಳಿ ಜಾಸ್ತಿಯಾಗಿದೆ ಎಂದು ಸ್ಟೋರ್ ಕೀಪರ್ ಕಿಟಕಿ ಮುಚ್ಚಿ ಫ್ಯಾನ್ ಆರಿಸಿದ. ಆಮೇಲೆ ಮುಳ್ಳು ಇಳಿಯಲು ಇನ್ನೂ ತಡಮಾಡತೊಡಗಿತು. ಎಲ್ಲರೂ ಅಕ್ಕ ಎನ್ನುವ ಹಿರಿಯ ಸಂಶೋಧಕಿ ಕೊನೆಗೆ ತೀರ್ಪು ಕೊಟ್ಟಳು.

"ನಿಂಗೆ ಸರ್ ಕಂಡ್ರೆ ಭಯ ಕಣೋ. ಕೈ ನಡುಗುತ್ತೆ, ಅದಕ್ಕೆ ಮುಳ್ಳೂ ನಡುಗುತ್ತೆ."

ಪದರಪ್ಪ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಮೂರು ಗಂಟೆಯವರೆಗೆ ಕೂತ.

ಪರೀಕ್ಷಕರು ಬಂದರು. ಬಾಟಲಿ ತೆರೆದೊಡನೆ ಮುಳ್ಳು ಚಂಗನೆ ಏರಿತು. ಗೈಡ್ ಎದೆಯುಬ್ಬಿಸಿ ಪದರದ ಮೇಲೇ ಬಗ್ಗಿ ನಿಂತರು. ಪದರಪ್ಪ ಬಾಟಲಿ ಮುಚ್ಚಿದ, ಕಿಟಕಿ ತೆರೆದ. ಹತ್ತು ನಿಮಿಷ ಕಳೆದರೂ ಮುಳ್ಳು ಇಳಿಯಲಿಲ್ಲ. ಇಳಿಯಲು ಬಾರದ್ದನ್ನು ಸೆನ್ಸರ್ ಎನ್ನಲಾಗದು ಎಂದು ಪರೀಕ್ಷಕರು ಪೆನ್ನು ಮುಚ್ಚಿದರು.

ಆಗ ಪದರಪ್ಪನ ಮೂಗಿಗೆ ಒಂದು ಘಾಟು ಬಡಿಯಿತು. ಬಂದದ್ದು ಗೈಡ್ ತಲೆಯಿಂದ. ಅರವತ್ತು ಹತ್ತಿರವಾದರೂ ಒಂದು ಬಿಳಿ ಕೂದಲಿಲ್ಲ, ವಂಶದ ಗುಣ ಎಂದು ಅವರು ಸಾರುತ್ತಿದ್ದ ತಲೆ ಅದು. ಪರೀಕ್ಷಕರ ಗೌರವಾರ್ಥ ಆ ಬೆಳಿಗ್ಗೆ ಹೊಸದಾಗಿ ಕಪ್ಪಾಗಿತ್ತು. ಕೂದಲಿನ ಬಣ್ಣದಲ್ಲಿ ಅಮೋನಿಯಾ ಇರುತ್ತದೆ. ಪಾಪದ ಪದರ ಬೆಳಗಿನಿಂದ ನಿಜವನ್ನೇ ಹೇಳುತ್ತಿತ್ತು.

ಅತ್ತ ದರಿ, ಇತ್ತ ಪುಲಿ. ಪದರಪ್ಪ ಕಳೆದ ಏಳು ವರ್ಷಗಳನ್ನು ನೆನೆದು ಬಾಯಿ ಬಿಟ್ಟ.

"ಸರ್, ನೀವು ಒಂದೈದು ನಿಮಿಷ ಹೊರಗೆ ನಿಂತ್ಕೊಳ್ತೀರಾ?"

ಗೈಡ್ ಹೊರಗೆ ಹೋದರು, ಮುಳ್ಳು ಇಳಿಯಿತು. ಒಳಗೆ ಬಂದರು, ಏರಿತು. ವಿಜ್ಞಾನಿಗೆ ಒಂದು ಸಲಕ್ಕೆ ನಂಬಿಕೆ ಬಾರದು. ಪರೀಕ್ಷಕರು ಅವರನ್ನು ಮೂರು ಸಲ ಓಡಾಡಿಸಿದರು. ಮೂರನೆಯ ಸಲ ತಾವೂ ಮೂಸಿ, ತುಟಿ ಕಚ್ಚಿಕೊಂಡು, ಇಷ್ಟು ಪ್ರಾಮಾಣಿಕ ಪದರವನ್ನು ಕಂಡಿಲ್ಲ ಎಂದು ಬರೆದುಕೊಟ್ಟು ಹೊರಟರು. ಪದರಪ್ಪನಿಗೆ ಸ್ವರ್ಗ ಮೂರೇ ಗೇಣು.

ಪ್ರಬಂಧ ಹಿಡಿದು ಗೈಡ್ ಕೋಣೆಗೆ ಹೋದ.

"ಪದರ ಚೆನ್ನಾಗಿದೆಯಪ್ಪ," ಎಂದರು ಗೈಡ್. "ಒಂದೇ ಕೊರತೆ. ಕಾರ್ಖಾನೆ ಅಮೋನಿಯಾ ಗೊತ್ತಾಗ್ಬೇಕು, ಕೂದಲಿನ ಬಣ್ಣದ ಅಮೋನಿಯಾ ಗೊತ್ತಾಗ್ಬಾರ್ದು. ಅಂಥದ್ದು ಮಾಡ್ಕೊಂಡು ಬಾ, ಕಣ್ಮುಚ್ಚಿ ಸಹಿ ಹಾಕ್ತೀನಿ."

"ಸರ್, ಎರಡೂ ಒಂದೇ ಅಮೋನಿಯಾ."

"ಅದಕ್ಕೇ ಸಂಶೋಧನೆ ಅನ್ನೋದು."

ಗೈಡ್ ಖಾನೆಯಿಂದ ಎಂಟನೆಯ ವರ್ಷದ ನೋಂದಣಿ ಫಾರಂ ತೆಗೆದು ಅವನ ಕೈಗಿಟ್ಟರು. ಅದಕ್ಕೆ ಅವರ ಸಹಿ ಬೆಳಿಗ್ಗೆಯೇ ಆಗಿತ್ತು.